ಮೊಡವೆಗಳಿಗೆ ಉಡಿ ತುಂಬಿದ ಅತ್ತೆ

ನಮ್ಮ ಅತ್ತೆ ಮನುಷ್ಯರಿಗಿಂತ ಮೊಡವೆಗಳ ಜೊತೆ ಹೆಚ್ಚು ಮಾತಾಡುತ್ತಿದ್ದಳು ಎಂದರೆ ನಂಬುತ್ತೀರಾ? ನಂಬದಿದ್ದರೂ ಅಡ್ಡಿಯಿಲ್ಲ. ಮೊಡವೆಗಳು ತಿರುಗಿ ಉತ್ತರ ಕೊಡುತ್ತಿದ್ದವು ಎಂಬ ಅನುಮಾನ ನನಗೆ ಈಗಲೂ ಇದೆ!

ಆಕೆ ಅಪ್ಪನ ಅಕ್ಕ, ತಿರ್ಲಾಪುರದಲ್ಲಿ ನಮ್ಮ ಜೊತೆಗೇ ಇದ್ದಳು. ಸೆರಗನ್ನು ಎಷ್ಟು ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳೆಂದರೆ, ಮಾತು ಯಾವುದೋ ಕತ್ತಲೆಯೊಳಗಿಂದ ಬಂದಂತಿರುತ್ತಿತ್ತು. ಸಿಡುಬು ಊರು ಬಿಟ್ಟಿದ್ದರೂ ಅದರ ಭಯ ಇನ್ನೂ ಬಿಟ್ಟಿರದ ಕಾಲ ಅದು.

ನನ್ನ ಅಕ್ಕನಿಗೆ ಹರೆಯ ಬಂದಿತ್ತು, ಜೊತೆಗೆ ಮುಖದ ತುಂಬ ಮೊಡವೆ. ಆ ಮುಖದ ಎಣ್ಣೆಯಲ್ಲಿ ಮಿರ್ಚಿ ಭಜಿ ಕರಿಯಬಹುದು ಎಂದು ಅಣ್ಣ ಕಾಡುತ್ತಿದ್ದ. ಕಡಲೆಹಿಟ್ಟು ಆಯಿತು, ಎರೆಮಣ್ಣು ಆಯಿತು. ಅಣ್ಣಿಗೇರಿಯವರು ಕನ್ಯೆ ನೋಡಲು ಬರುವ ದಿನ ಹತ್ತಿರವಾಯಿತು, ಮೊಡವೆ ಜಗ್ಗಲಿಲ್ಲ. ಹಿಂದೆ ಬಂದ ಎರಡು ಸಂಬಂಧ ಅದೇ ಮುಖ ನೋಡಿ ಮುರಿದಿದ್ದವು. ಅತ್ತೆ ಅಕ್ಕನ ಕೆನ್ನೆ ಸವರಿ, "ಇದು ಬರೇ ಎಣ್ಣಿ ಅಲ್ಲ. ಯಾರೋ ಬಂದು ಕುಂತಾರ" ಎಂದಳು.

ನಮ್ಮ ಕಡೆ ಸಿಡುಬು ಎದ್ದರೆ ಬೇನೆ ಬಂತು ಅನ್ನುವುದಿಲ್ಲ, ದೇವಿ ಬಂದಳು ಅನ್ನುತ್ತಾರೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಒಗ್ಗರಣೆ ನಿಲ್ಲಿಸಿ, ಕೊನೆಗೆ ಉಡಿ ತುಂಬಿ ಊರಾಚೆ ಕಳಿಸಿಕೊಡುತ್ತಾರೆ. ಅತ್ತೆ ಆ ಶಾಸ್ತ್ರವನ್ನೆಲ್ಲ ಮೊಡವೆಗೆ ಹಚ್ಚಿದಳು! ಮನೆಯೆಲ್ಲ ಪಿಸುಮಾತು. ಮೂಲೆಯಲ್ಲಿ ಅಕ್ಕ, ಮುಖವಿಡೀ ಕಪ್ಪು ಎರೆಮಣ್ಣು, ಕಣ್ಣು ಮಾತ್ರ ಬೆಳ್ಳಗೆ. ಎದುರಿಗೆ ಅತ್ತೆ, "ಗದ್ದದ ಮ್ಯಾಲಿನಾಕಿ, ನೀ ಸಣ್ಣಾಕಿ, ಮೊದಲ ನೀ ಹೋಗವ್ವಾ" ಎಂದು ಸುಮ್ಮನಾಗಿ, ಯಾರದೋ ಮಾತು ಕೇಳಿದವಳಂತೆ "ಹೂಂ" ಅನ್ನುತ್ತಿದ್ದಳು. ಒಗ್ಗರಣೆಯಿಲ್ಲದ ಸಾರು ಉಂಡು ಬೇಸತ್ತ ಅಪ್ಪ, ಅಕ್ಕನ ಮುಖದ ಮೇಲೆ ಕುಂತವರನ್ನು ಅಣ್ಣನ ಮುಖಕ್ಕೆ ವರ್ಗ ಮಾಡಲು ಬರುತ್ತದೋ ಎಂದು ವಿಚಾರಿಸಿದ.

ಕಳಿಸುವ ದಿನ ನಡುಹಗಲು ಅತ್ತೆ ಮೊರದಲ್ಲಿ ಅಕ್ಕಿ, ರವಿಕೆಯ ಖಣ, ಬಳೆ ಇಟ್ಟುಕೊಂಡು ಊರ ಸೀಮೆಗೆ ಹೊರಟಳು, ಜೊತೆಗೆ ನಾನು. ಎರೆಹೊಲದ ದಾರಿಯಲ್ಲಿ ನರಪಿಳ್ಳೆಯಿಲ್ಲ. ಬನ್ನಿಗಿಡದ ಬುಡದಲ್ಲಿ ಎಲ್ಲ ಇಟ್ಟು ಬರುವಾಗ ಹಿಂದೆ ಬಳೆ ಸದ್ದಾಯಿತು. ಅತ್ತೆಯ ಕೈ ಬರಿದು, ನನ್ನದೂ ಬರಿದು.

"ಅತ್ತೀ, ಹಿಂದ ಯಾರೋ ಬರಾಕತ್ತಾರ."

"ಹೊಳ್ಳಿ ನೋಡಬ್ಯಾಡ," ಅಂದಳು ಅತ್ತೆ. "ನನ್ನ ಹಿಂದ ಬರೂದು ಅಕೀಗೆ ರೂಢಿ ಐತಿ."

ಉಟ್ಟ ಲಂಗ ಒದ್ದೆಯಾಗದೆ ಮನೆ ಮುಟ್ಟಿದ್ದು ನನ್ನ ಪುಣ್ಯ!

ಮನೆ ಮುಂದೆ ಅದಕ್ಕಿಂತ ದೊಡ್ಡ ಗಂಡಾಂತರ. ಅಣ್ಣಿಗೇರಿಯವರು ಹೊತ್ತಿಗೆ ಮುಂಚೆಯೇ ಬಂದಿದ್ದರು, ಬಾಗಿಲ ಬೇವು ಕಂಡು ಚಕ್ಕಡಿ ತಿರುಗಿಸುತ್ತಿದ್ದರು. ಬರೀ ಮೊಡವೆ ಎಂದು ಅಪ್ಪ ಕೈಮುಗಿದು ಹೇಳುತ್ತಿದ್ದ. ಮೊಡವೆಗೆ ಯಾರಾದರೂ ಬೇವು ಕಟ್ಟುತ್ತಾರೆಯೇ? ವರನ ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು, ಗಾಡಿ ಹೊಡೆಯಿರಿ ಅನ್ನುತ್ತಿದ್ದಳು. ಒಳಗೆ ಅಕ್ಕ ಬಿಕ್ಕುತ್ತಿದ್ದಳು.

ಅತ್ತೆ ನೆಟ್ಟಗೆ ಹೋಗಿ ಎತ್ತುಗಳ ಮುಂದೆ ನಿಂತಳು. ತಲೆಯ ಮೇಲಿನ ಸೆರಗು ತೆಗೆದಳು. ಮುಖದ ತುಂಬ ಕುಳಿಗಳು, ಒಂದು ಕಣ್ಣು ಹಾಲುಬಿಳುಪು. ಎತ್ತುಗಳೂ ಹಿಂದೆ ಸರಿದವು.

"ನೋಡ್ರೆವ್ವಾ, ದೇವಿ ಬಂದ್ರ ಹಿಂಗ ಮಾಡಿ ಹೋಗ್ತಾಳ. ನನ್ನ ನೋಡಾಕ ಬಂದವ್ರೂ ಬಾಗಲದಾಗಿಂದನ ಹೊಳ್ಳಿ ಹೋಗಿದ್ರು. ನಮ್ಮ ಹುಡುಗೀದು ಬರೇ ಹರೇದ ಗುಳ್ಳಿ. ಬೇವ ಕಟ್ಟಿದಾಕಿ ಹುಚ್ಚಿ ನಾನು. ಅಕೀನ ಬಿಟ್ಟು ಹೋಗಬ್ಯಾಡ್ರಿ."

ಅಕ್ಕ ಮುಖದ ಮಣ್ಣಿನೊಂದಿಗೇ ಓಡಿ ಬಂದು ಆಕೆಯನ್ನು ತಬ್ಬಿಕೊಂಡಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಆ ಮುಖ ನಾನು ನೋಡಿದ್ದು ಅವತ್ತೇ. ಹೆದರಿಕೆಯಾಗಲಿಲ್ಲ. ಆಕೆಯ ಮೇಲೆ ಹೇಳಲಾರದಷ್ಟು ಪ್ರೀತಿ ಬಂತು.

ದೇವಿ ಬಂದ ಮನೆಯಲ್ಲಿ ಪರವೂರಿನವರು ನೀರು ಸಹ ಮುಟ್ಟುವುದಿಲ್ಲ. ವರನ ಅವ್ವ ಚಕ್ಕಡಿಯಿಂದ ನಿಧಾನಕ್ಕೆ ಇಳಿದು, ಅತ್ತೆಯ ಹತ್ತಿರ ಬಂದು, "ಅಕ್ಕಾರ, ಬಿಸಲಾಗ ಬಂದೇವಿ. ನಿಮ್ಮ ಕೈಲೆ ಒಂದ ತಂಬಗಿ ನೀರ ಕೊಡ್ರಿ" ಎಂದಳು.