ಬೆಲ್ಲ ಸುಣ್ಣದ ಒಲೆ ಬಾಗಿಲು

"ಒಂದು ಒಲಿ ಬಾಗಲಕ್ಕ ಮಿಸ್ತ್ರಿನ ಕರಸೂದಾ? ಈ ಸಂಗಣ್ಣ ಸತ್ತಾನೇನು?"

ಗೋಗಿ ಊರಿನ ಸಂಗಣ್ಣ ಹೀಗೆ ಗುಡುಗಿದ್ದು ಎಳ್ಳಮಾವಾಸ್ಯೆಯ ಹಿಂದಿನ ಸಂಜೆ. ಅವನ ಮನೆಯದು ಕಬ್ಬಿಣದ ಕಟ್ಟಿಗೆ ಒಲೆ. ಹೊಗೆ ಹೋಗಲು ಮೇಲೆ ಕೊಳವೆ, ಕಟ್ಟಿಗೆ ತುರುಕಲು ಮುಂದೆ ಬಾಗಿಲು, ಹೊಗೆ ಸೋರದಂತೆ ಬಾಗಿಲ ಅಂಚಿಗೊಂದು ದಪ್ಪ ಹಗ್ಗ. ಆ ಹಗ್ಗ ಸವೆದು ಉದುರಿ, ಹೊಗೆಗೆ ಈಗ ಕೊಳವೆಗಿಂತ ಬಾಗಿಲೇ ಇಷ್ಟವಾಗಿತ್ತು. ಹೆಂಡತಿ ಕಲ್ಯಾಣಮ್ಮನಿಗೆ ಕೆಮ್ಮಿ ಕೆಮ್ಮಿ ಸಾಕಾಗಿತ್ತು. ಅದರ ಮೇಲೆ ನಾಳೆ ಅವಳ ತಮ್ಮ ರೇವಣಸಿದ್ದ, ಹೊಸ ಹೆಂಡತಿ ಶಾಂಭವಿಯೊಡನೆ ಮೊದಲ ಸಲ ಹೊಲದೂಟಕ್ಕೆ ಬರುವವನಿದ್ದ. ಆ ಹುಡುಗಿಯ ಮುಂದೆ ಸಜ್ಜೆ ರೊಟ್ಟಿ, ಕಾಳು ಸೊಪ್ಪಿನ ಭಜ್ಜಿ, ಹೂರಣದ ಕಡಬು ಯಾವುದರಲ್ಲೂ ಮರ್ಯಾದೆ ಹೋಗಬಾರದೆಂಬುದು ಕಲ್ಯಾಣಮ್ಮನ ಹಟ.

"ಶಹಾಪುರದಾಗ ನಯೀಮನ ಅಂಗಡ್ಯಾಗ ಇದಕ್ಕಂತನ ಹಗ್ಗ ಸಿಗತೈತಂತ್ರಿ. ಬೆಂಕಿಗೆ ಸುಡಂಗಿಲ್ಲಂತ."

"ರೈತನ ಮನ್ಯಾಗ ಹಗ್ಗಕ್ಕ ಬರ ಬಂದೈತೇನು? ಪುಂಡಿ ನಾರಿನ ಹಗ್ಗ ತಗಿ!"

"ಅದು ಎತ್ತು ಕಟ್ಟೂದ್ರಿ!"

"ಎತ್ತು ಹಿಡದ ಹಗ್ಗ ಹೊಗಿ ಹಿಡಿಯಂಗಿಲ್ಲೇನು?"

ಈ ತರ್ಕಕ್ಕೆ ಯಾವ ವಕೀಲ ಉತ್ತರ ಕೊಟ್ಟಾನು! ಕಲ್ಯಾಣಮ್ಮ ಎಮ್ಮೆ ಹಿಂಡಲು ಹೋದಳು.

ಹಗ್ಗವೇನೋ ಸಿಕ್ಕಿತು, ಅಂಟಿಸುವುದು ಯಾವುದರಿಂದ? ಸಂಗಣ್ಣನಿಗೆ ಅಜ್ಜ ನೆನಪಾದ. ಅಜ್ಜ ಬೆಲ್ಲ ಸುಣ್ಣ ಅರೆದು ಕಟ್ಟಿಸಿದ ಬಾವಿಯ ಒಂದು ಕಲ್ಲೂ ಇವತ್ತಿಗೂ ಅಲ್ಲಾಡಿಲ್ಲ. ಬಾವಿಗೆ ಆದದ್ದು ಒಲೆಗೆ ಆಗದೇ? ಅಡುಗೆಮನೆಯ ಬೆಲ್ಲದ ಡಬ್ಬಿಯನ್ನೇ ಬೋರಲು ಹಾಕಿದ. ಸುಣ್ಣ ಬೆರೆಸಿ ನಾದಿ, ಬಾಗಿಲ ಸುತ್ತ ಮೆತ್ತಿ, ಹಗ್ಗ ಕೂರಿಸಿ, ಅದರ ಮೇಲೂ ಧಾರಾಳವಾಗಿ ಬಳಿದ. ಒಲೆಯೊಳಗೆ ನಾಲ್ಕು ಪುಳ್ಳೆ ಹಚ್ಚಿ ಬಾಗಿಲು ಜಡಿದ.

ಏನಾಶ್ಚರ್ಯ! ಒಂದೆಳೆ ಹೊಗೆಯಿಲ್ಲ! ಮನೆ ತುಂಬ ಪಾಕದ ಘಮ!

"ನೋಡಿಲ್ಲಿ! ಎಲ್ಲೈತಿ ಹೊಗಿ?"

"ಇಲ್ಲ ಬಿಡ್ರಿ," ಎಂದು ಕಲ್ಯಾಣಮ್ಮ ಒಪ್ಪಿಕೊಂಡಳು. ಆ ರಾತ್ರಿ ಸಂಗಣ್ಣನ ಗೊರಕೆಯಲ್ಲೂ ಗತ್ತಿತ್ತು.

ಬೆಳಿಗ್ಗೆ ಒಲೆ ಹಚ್ಚಲು ಹೋದರೆ ಬಾಗಿಲು ತೆಗೆಯಲು ಬರಲೊಲ್ಲದು! ಆರಿದ ಪಾಕ ಬಾಗಿಲು, ಹಗ್ಗ, ಚೌಕಟ್ಟು ಮೂರನ್ನೂ ಒಂದೇ ಬಂಡೆ ಮಾಡಿತ್ತು. ಸಂಗಣ್ಣ ಎಳೆದ. ಒಲೆಯೇ ಮುಂದಕ್ಕೆ ಬಂತು. ಗೋಡೆಗೆ ಕಾಲು ಕೊಟ್ಟು ಎಳೆದ. ಹಿಡಿಕೆ ಕಿತ್ತು ಕೈಗೆ ಬಂತು, ಸಂಗಣ್ಣ ಜೋಳದ ಚೀಲದ ಮೇಲೆ ಅಂಗಾತ ಬಿದ್ದ.

"ಬಾಗಲಾ ತಗೀರಿ ಅಂದ್ರ ಹಿಡಕಿ ತಗದ್ರಲ್ರಿ!"

"ಹೊಗಿ ಬರಬಾರದಂದಿ. ಬರವಲ್ದು. ಮತ್ತೇನು ಬೇಕು?"

"ಬೆಂಕಿ ಬೇಕ್ರೀ!"

"ಎಲ್ಲಾ ಒಮ್ಮೆಲೆ ಕೇಳಬ್ಯಾಡ!" ಎಂದ ಸಂಗಣ್ಣ, ಬಿದ್ದಲ್ಲಿಂದಲೇ.

ಕಲ್ಯಾಣಮ್ಮ ಅಂಗಳದಲ್ಲಿ ಮೂರು ಕಲ್ಲು ಹೂಡಿ ರೊಟ್ಟಿ ಬಡಿದಳು, ಭಜ್ಜಿ ಕುದಿಸಿದಳು. ಹೂರಣಕ್ಕೆಂದು ಬೆಲ್ಲದ ಡಬ್ಬಿ ತೆಗೆದವಳು ಒಂದು ಸಲ ಒಲೆಯನ್ನೂ ಒಂದು ಸಲ ಗಂಡನನ್ನೂ ನೋಡಿದಳು. ಅಂಗಡಿಗೆ ಓಡಿದರೆ ಅಂಗಡಿಯವನೇ ಬೀಗ ಹಾಕಿ ಹೊಲಕ್ಕೆ ಹೋಗಿದ್ದ. ತಿರುಗಿ ಬಂದವಳು ಬರೀ ಬೇಳೆಯನ್ನೇ ನುಣ್ಣಗೆ ಅರೆದು ಕಡಬಿಗೆ ತುಂಬಿದಳು. ಸಂಗಣ್ಣ ಹೆದರಬೇಕಿದ್ದದ್ದು ಆಗಲೇ!

ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ ಎಲ್ಲರೂ ಊಟಕ್ಕೆ ಕೂತರು. ಸಂಗಣ್ಣನ ಮೀಸೆ ಇನ್ನೂ ಇಳಿದಿರಲಿಲ್ಲ. "ಏನ್ ಬಿಗಿ ಅಂತಿ ರೇವಣಸಿದ್ದ! ಆ ನಯೀಮ ನನ್ನ ಹಂತ್ಯಾಕ ಬಂದು ಕಲೀಬೇಕು!"

ಶಾಂಭವಿ ಕಡಬು ಕಚ್ಚಿದಳು. ಅಗಿದಳು. ನಾಚಿಕೆಯಿಂದ ಗಂಡನ ಮುಖ ನೋಡಿದಳು. ಅವನೂ ಒಂದು ತುತ್ತು ತಿಂದು ಕೇಳಿದ:

"ಅಕ್ಕಾ, ಕಡಬು ಸಪ್ಪಗೈತೆಲ್ಲ? ಬೆಲ್ಲಾ ಮರ್ತೇನು?"

"ನಾ ಯಾಕ ಮರೀಲೋ ತಮ್ಮಾ? ಮನ್ಯಾಗಿನ ಬೆಲ್ಲಾ ಅಷ್ಟೂ ನಿಮ್ಮ ಮಾವಾರು ಒಲಿ ಬಾಗಲಕ್ಕ ಮೆತ್ತ್ಯಾರ. ಶಾಂಭವಿ, ಆ ಕಡಬು ಹಂಗ ಕೈಯಾಗ ಹಿಡಕೊಂಡು ಬಾರವ್ವ, ಮನಿಗೆ ಹೋಗಿ ಬಾಗಲಕ್ಕ ಒರಸಿಕೊಂಡು ತಿನ್ನುವಂತಿ!"