ಹಳ್ಳದಾಚೆಯ ಹಂದಿ

ನ್ಯಾಯಾಧೀಶ ಲೆಮ್ಯುಯಲ್ ಪ್ರೂಯಿಟ್ಟರ ಗ್ರಹಚಾರ ಕೆಟ್ಟಿದ್ದು ಒಂದು ಹಂದಿಯಿಂದ. ವಕೀಲ ಹೈರಮ್ ಸ್ಟ್ಯಾಪನ ಹಂದಿ ಯಾರದೋ ಜೋಳದ ಹೊಲಕ್ಕೆ ನುಗ್ಗಿತ್ತು. ದಂಡ ಯಾವ ಊರಿಗೆ ಕಟ್ಟಬೇಕು? ಸ್ಟ್ಯಾಪನ ಮನೆ ಹಳ್ಳದ ಈಚೆಯ ಊರಿಗೆ ಸೇರಿದ್ದೋ, ಆಚೆಯದಕ್ಕೋ? ಪ್ರೂಯಿಟ್ಟರು ಹಗಲೂ ರಾತ್ರಿ ತಲೆ ಕೆಡಿಸಿಕೊಂಡು "ಆಚೆಯದಕ್ಕೆ" ಎಂದು ತೀರ್ಪಿತ್ತರು. ಇಂಥ ತೀರ್ಪು ಕೆಂಟಕಿಯಲ್ಲೇ ಇನ್ನೊಂದಿಲ್ಲ ಎಂದು ತಾವೇ ಹೇಳಿಕೊಂಡು ತಿರುಗಿದರು.

ಈಗ ಎರಡೂ ಊರಿಗೆ ಸೇರಿದ ಆ ಜಡ್ಜ್ ಕುರ್ಚಿಗೇ ಚುನಾವಣೆ, ಎದುರಾಳಿ ಅದೇ ಸ್ಟ್ಯಾಪ್. ಓಟೆಂದರೆ ಅವರವರ ಊರಲ್ಲಿ ಷೆರಿಫನ ಮುಂದೆ ನಿಂತು ಹೆಸರು ಕೂಗುವುದು. ಕೂಗಿಸಿಕೊಂಡ ಅಭ್ಯರ್ಥಿ ಎದ್ದು ಟೊಪ್ಪಿ ತೆಗೆದು ಬಾಗಬೇಕು. ಬೆಳಗಿನಿಂದ ಬಾಗಿ ಬಾಗಿ ಪ್ರೂಯಿಟ್ಟರ ಸೊಂಟ ಬಿದ್ದುಹೋಗಿತ್ತು. ಆದರೆ ಹೆಂಡತಿ ತೀರಿಕೊಂಡ ಮೇಲೆ ಆ ಕುರ್ಚಿಯೊಂದೇ ಅವರಿಗೆ ದಿಕ್ಕು. ಅದೂ ಹೋದರೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದು ಪಾಪ?

ಸಂಜೆ ಹಳ್ಳದಾಚೆಯ ಲೆಕ್ಕ ಬಂತು. ಅಲ್ಲಿ ವಿಸ್ಕಿ ಖಾಲಿಯಾದ್ದರಿಂದ ಜನ ಬೇಗನೆ ಓಟು ಮುಗಿಸಿ ಮನೆಗೆ ಹೋಗಿದ್ದರು. ಕೂಡಿ ನೋಡಿದರೆ ಇಬ್ಬರೂ ಸರಿಸಮ. ಓಟು ಹಾಕದೆ ಉಳಿದವರು ಅಭ್ಯರ್ಥಿಗಳಿಬ್ಬರೇ.

"ನಿಮ್ಮ ಓಟು ನಿಮಗೇ ಹಾಕ್ಕೊಳ್ಳಿ ಸಾಹೇಬ್ರೇ. ನಾಚ್ಕೊಂಡ್ರೆ ಹೊಟ್ಟೆ ತುಂಬಲ್ಲ," ಎಂದ ಹೆಂಡದಂಗಡಿಯ ಡ್ಯಾಬ್ನಿ.

"ತನ್ನ ಹೆಸರು ತಾನೇ ಕೂಗ್ಕೊಳ್ಳೋದಾ? ಥೂ. ಮರ್ಯಾದಸ್ಥರು ಎದುರಾಳಿಗೆ ಹಾಕ್ತಾರೆ. ಅವನು ಇವರಿಗೆ ಹಾಕ್ತಾನೆ. ಅಪ್ಪ ಅಜ್ಜನ ಕಾಲದಿಂದ ಹಾಗೇನೇ," ಎಂದ ಕಮ್ಮಾರ ಓಟಿಸ್.

"ನನ್ನ ಓಟು ನಿಮಗೇ ಸಾಹೇಬ್ರೇ, ಹೆದರ್ಬೇಡಿ," ಎಂದ ಸ್ಟ್ಯಾಪ್. ಹುಡುಗ ಒಳ್ಳೆಯವನೇ. ಸಮ ಬಂದರೆ ಹಳೇ ಜಡ್ಜೇ ಮುಂದುವರಿಯುತ್ತಾರೆ ಎಂದು ಷೆರಿಫ್ ಬೇರೆ ಹೇಳಿದ್ದ.

ಪ್ರೂಯಿಟ್ಟರು ಧೈರ್ಯ ಮಾಡಿ ಎದ್ದರು. "ಹೈರಮ್ ಸ್ಟ್ಯಾಪ್," ಎಂದರು. ಸ್ಟ್ಯಾಪ್ ಟೊಪ್ಪಿ ತೆಗೆದು ಬಾಗಿದ. ಆಮೇಲೆ ತಾನೂ ಹೆಸರು ಕೂಗಲು ಬಾಯಿ ತೆರೆದ.

"ಕೂತ್ಕೋ ಹೈರಮ್," ಎಂದ ಷೆರಿಫ್. "ನಿನ್ನ ಓಟು ಇಲ್ಲಿ ನಡಿಯಲ್ಲ. ನಿನ್ನ ಮನೆ ಹಳ್ಳದಾಚೆ. ಸಾಹೇಬ್ರೇ ತೀರ್ಪು ಕೊಟ್ಟಿದ್ದಾರಲ್ಲ."

ಹಳ್ಳದಾಚೆ ಓಟು ಮುಗಿದು ಎಷ್ಟೋ ಹೊತ್ತಾಗಿತ್ತು.

"ಆ ತೀರ್ಪು... ತಪ್ಪಿರಬಹುದು," ಎಂದರು ಪ್ರೂಯಿಟ್ಟರು.

"ಇರಬಹುದು. ಮರುವಿಚಾರಣೆಗೆ ಅರ್ಜಿ ಹಾಕಿ. ಹೊಸ ಜಡ್ಜ್ ಸಾಹೇಬ್ರು ನೋಡ್ತಾರೆ," ಎಂದ ಷೆರಿಫ್.

ಎಲ್ಲರೂ ಸ್ಟ್ಯಾಪನ ಕಡೆ ತಿರುಗಿದರು. ಅವನ ಕಣ್ಣು ನಿಜವಾಗಿಯೂ ತುಂಬಿ ಬಂದಿತ್ತು.

"ನಿಮ್ಮ ತೀರ್ಪು ನಾನು ಓದಿದ್ದೀನಿ ಸಾಹೇಬ್ರೇ," ಎಂದ. "ಅದರಲ್ಲಿ ಒಂದು ತಪ್ಪೂ ಇಲ್ಲ."