ತಲೆ ಎತ್ತಿದ ಪಿಕಪ್ಪು

"ಇವತ್ತು ಸಂಜೆಯೊಳಗೆ ಈ ಗಾಡಿ ತಲೆ ಎತ್ತಿ ನಿಲ್ಲಲಿಲ್ಲ ಅಂದ್ರೆ ನಾನು ಗಂಡಸೇ ಅಲ್ಲ!"

ಭಾನುವಾರ ಬೆಳಿಗ್ಗೆ ಗಂಡ ಅಂಗಳದಲ್ಲಿ ನಿಂತು ಹೀಗೆ ಶಪಥಗೈದಾಗ ಅವಳು ಆಸ್ಪತ್ರೆಯ ಚಾದರಗಳನ್ನು ಹಿಂಡುತ್ತಿದ್ದಳು. ಕೈಗೆ ಬಿಡುವಿರಲಿಲ್ಲ, ಸಾಕ್ಷಿಗೆ ತಲೆಯನ್ನಷ್ಟೇ ಆಡಿಸಿದಳು. ವಾರದಿಂದ ಬಿಸಿಲಿನ ಮುಖ ಕಂಡಿರಲಿಲ್ಲ. ಹಜಾರ, ಮಲಗುವ ಕೋಣೆ, ಮೆಟ್ಟಿಲ ಕಂಬಿ, ಎಲ್ಲೆಲ್ಲೂ ಒದ್ದೆ ಬಟ್ಟೆ ನೇತಾಡಿ ಮನೆಯೇ ಒಂದು ವಾರ್ಡಾಗಿತ್ತು. ರೋಗಿಗಳು ಬರುವುದೊಂದೇ ಬಾಕಿ.

ಗಾಡಿ ಎಂದರೆ ನಾಲ್ಕೂ ಚಕ್ರ ಸೇರಿ ಎಳೆಯುವ ಹಳೆಯ ಪಿಕಪ್ಪು. ಗುಡ್ಡದ ಮೇಲಿನ ಆಸ್ಪತ್ರೆಗೆ ಬಟ್ಟೆ ಒಗೆದುಕೊಡುವ ಅವಳ ಕೆಲಸಕ್ಕೆಂದೇ ಕೊಂಡದ್ದು. ವಾರವಿಡೀ ಓಡಿಸುವವಳು ಅವಳು. ಭಾನುವಾರ ಅದನ್ನು ತೊಳೆದು, ಒರೆಸಿ, ಒಡೆಯನಾಗುವವನು ಅವನು. ಚಾದರ ತಡವಾದರೆ ಕೆಲಸ ಪೇಟೆಯ ಮೆಷಿನ್ ಲಾಂಡ್ರಿಯವನ ಪಾಲು ಎಂದು ಹೆಡ್ ಸಿಸ್ಟರ್ ಮೊನ್ನೆಯಷ್ಟೇ ಎಚ್ಚರಿಸಿದ್ದರು. ಅವಳ ಚಿಂತೆ ಅದು. ಅವನ ಚಿಂತೆ ಬೇರೆ. ಆಫೀಸಿನ ಕ್ಯಾಷಿಯರು ತನ್ನ ಪಿಕಪ್ಪಿನ ಮುಂಭಾಗ ಎತ್ತರಿಸಿಕೊಂಡ ದಿನದಿಂದ ಅವನಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ.

"ನೋಡು, ಹಿಂದೆ ಎತ್ತರ, ಮುಂದೆ ತಗ್ಗು. ಯಾರದೋ ಕಾಲಿಗೆ ಬೀಳೋ ಹಾಗೆ ನಿಂತಿದೆ! ಮುಂದಿನ ಸಸ್ಪೆನ್ಷನ್ ಎತ್ತಿಬಿಟ್ರೆ ಹುಲಿ ಕಣೇ, ಹುಲಿ!"

ಬಾಗಿಲಲ್ಲಿ ಕೂತಿದ್ದ ಅತ್ತೆ ಗಾಬರಿಯಾದರು. "ಸಸ್ಪೆನ್ಷನ್ನಾ? ಆಫೀಸಲ್ಲಿ ಏನು ಮಾಡ್ಕೊಂಡ್ಯೋ ಮಹರಾಯ?"

"ನಂದಲ್ಲಮ್ಮ, ಗಾಡೀದು!"

"ರೀ, ಭಾರ ಹಾಕಿದ್ರೆ ಹಿಂದುಗಡೆ ತಾನಾಗೇ ಇಳಿಯುತ್ತೆ," ಎಂದಳು ಅವಳು. "ಅದಕ್ಕೇ ಹಾಗೆ ಮಾಡಿರೋದು."

"ನೀನು ಓಡಿಸ್ತೀಯ, ಅಷ್ಟೆ. ಇದು ಎಂಜಿನಿಯರಿಂಗು. ಬಟ್ಟೆ ಕುಕ್ಕಿದ ಹಾಗಲ್ಲ."

ಗಾಡಿಯ ಹೊಟ್ಟೆಯ ಕೆಳಗೆ, ಮುಂದಿನ ಚಕ್ರಗಳಿಂದ ಹಿಂದಕ್ಕೆ, ಎರಡು ಉದ್ದನೆಯ ಉಕ್ಕಿನ ಸರಳುಗಳಿದ್ದವು. ಅವುಗಳ ತುದಿಯ ಬೋಲ್ಟನ್ನು ಬಿಗಿ ಮಾಡಿದಷ್ಟೂ ಮುಂಭಾಗ ಮೇಲೇಳುತ್ತದೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಅವನು ಸಂಪಾದಿಸಿದ ಜ್ಞಾನ ಇಷ್ಟು. ಇನ್ನೇನು ಬೇಕು! ಜಾಕಿ ಏರಿಸಿ, ಗೋಣಿಚೀಲ ಹಾಸಿಕೊಂಡು ಕೆಳಗೆ ತೂರಿದ. ಆಮೇಲೆ ಅಲ್ಲಿಂದ ಹೊರಬಂದದ್ದು ಬರೀ ಅಪ್ಪಣೆಗಳು.

"ಟಾರ್ಚ್ ಹಿಡಿ!"

"ಸ್ಪ್ಯಾನರ್! ಇದಲ್ಲ, ಇದರ ಅಣ್ಣ!"

"ಕಣ್ಣಿಗೆ ತುಕ್ಕು ಬಿತ್ತು, ನೀರು! ಟೀ ಆಯ್ತಾ?"

ರಿಪೇರಿ ಅವನದು, ಉಳಿದದ್ದೆಲ್ಲ ಅವಳದು. ಅವಳು ಟಾರ್ಚು ಹಿಡಿದು ಕೂತಷ್ಟು ಹೊತ್ತೂ ಒಳಗೆ ಇಸ್ತ್ರಿ ಕಾಣದ ಬಟ್ಟೆ ಗುಡ್ಡವಾಗಿ ಬೆಳೆಯಿತು. ಗ್ರೀಸು ಒರೆಸಿಕೊಳ್ಳಲು ಅವನು ಕೈಗೆ ಸಿಕ್ಕ ಬಿಳಿ ಬಟ್ಟೆಯನ್ನು ಎಳೆದುಕೊಂಡ. ಅದು ಆಪರೇಷನ್ ಕೋಣೆಯ ಚಾದರ.

"ಒಂದೇ ತಾನೇ? ಒಗೆದರೆ ಹೋಗುತ್ತೆ ಬಿಡು!"

ಹೋಗುವುದೇನೋ ನಿಜ. ಯಾರ ರಟ್ಟೆಯಿಂದ ಎನ್ನುವುದು ಎಂಜಿನಿಯರಿಂಗಿಗೆ ಸೇರಿದ ವಿಷಯವಲ್ಲ.

ಸಂಜೆ ಜಾಕಿ ಇಳಿಸಿದಾಗ ಖಾಲಿ ಗಾಡಿ ಗೆರೆ ಎಳೆದಂತೆ ಸಮನಾಗಿ ನಿಂತಿತ್ತು. ಅವನು ಅದರ ಸುತ್ತ ಪ್ರದಕ್ಷಿಣೆ ಬಂದು, ಎಲ್ಲ ದಿಕ್ಕಿನಿಂದಲೂ ಫೋಟೋ ತೆಗೆದ. "ನಾಳೆ ನನ್ನನ್ನೂ ಆಫೀಸಿಗೆ ಬಿಡು. ಆ ಕ್ಯಾಷಿಯರು ನೋಡ್ಲಿ!" ಎಂದು ಹೇಳಿ ಗೊರಕೆಗೆ ಶರಣಾದ. ಅವಳು ಗ್ರೀಸಿನ ಚಾದರವನ್ನು ಮತ್ತೆ ನೀರಿಗೆ ಹಾಕಿ, ಬೆಳಗಿನವರೆಗೂ ಇಸ್ತ್ರಿ ಪೆಟ್ಟಿಗೆ ಹಿಡಿದಳು.

ಬೆಳಿಗ್ಗೆ ಅವನು ಸ್ನಾನ ಮುಗಿಸಿ, ತಲೆ ಬಾಚಿ, ಸೆಂಟು ಹಾಕಿಕೊಂಡು ಹೊರಗೆ ಬಂದವನು ಮೆಟ್ಟಿಲಲ್ಲೇ ಕಲ್ಲಾದ. ಗಾಡಿಯ ಹಿಂಭಾಗ ನೆಲಕ್ಕೆ ಕುಕ್ಕರಿಸಿತ್ತು. ಮುಂಭಾಗ ಆಕಾಶ ನೋಡುತ್ತಿತ್ತು.

"ಅಯ್ಯೋ! ಏನು ಮಾಡಿದೆ ನನ್ನ ಗಾಡಿಗೆ?"

"ತುಂಬಿದೆ."

"ಏನನ್ನ?"

"ದಿನಾ ತುಂಬೋದನ್ನೇ."

ಕಿಟಕಿಯಿಂದ ಅತ್ತೆಯ ದನಿ ಬಂತು. "ಹುಲಿ ಕಪ್ಪೆ ಥರ ಯಾಕೋ ಕೂತಿದೆ?"

ವಾದಕ್ಕೆ ಹೊತ್ತಿರಲಿಲ್ಲ. ಒಂಬತ್ತಕ್ಕೆ ಮೊದಲ ಆಪರೇಷನ್. ಬೋಲ್ಟು ಸಡಿಲಿಸುತ್ತ ಕೂತರೆ ಮಧ್ಯಾಹ್ನವಾಗುತ್ತದೆ. ಅವಳು ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೊರಟಳು. ಎದುರಿಗೆ ಬಾನೆಟ್ಟು ಗೋಡೆಯಂತೆ ಎದ್ದಿತ್ತು. ಕತ್ತು ಚಾಚಿದರಷ್ಟೇ ರಸ್ತೆ. ಸ್ಟಿಯರಿಂಗು ಗಾಳಿಪಟದ ದಾರದಷ್ಟು ಹಗುರ. ಆಸ್ಪತ್ರೆಯ ಹಿಂಬದಿಯ ಕೆಸರು ಏರಿಗೆ ಬಂದಾಗ ಅವಳು ಗೇರು ಇಳಿಸಿದಳು. ಅರ್ಧ ಏರುವಷ್ಟರಲ್ಲಿ ಮುಂದಿನ ಚಕ್ರಗಳು ನೆಲದ ಹಿಡಿತ ಬಿಟ್ಟು ಜಾರಿದವು. ಇತ್ತ ತಿರುಗಿಸಿದರೆ ಗಾಡಿ ಅತ್ತ, ಚರಂಡಿಯ ಕಡೆಗೆ!

"ಅಮ್ಮಾ!" ಎಂದು ಹುಲಿಯ ಒಡೆಯ ಕಣ್ಣು ಮುಚ್ಚಿದ.

ಅವಳು ಬ್ರೇಕಿನ ಮೇಲೆ ಜೀವ ಇಟ್ಟು, ಇಂಚಿಂಚಾಗಿ ಗಾಡಿಯನ್ನು ಹಿಂದಕ್ಕೆ ಇಳಿಸಿ ಏರಿನ ಬುಡದಲ್ಲಿ ನಿಲ್ಲಿಸಿದಳು. ಬೈಯಲೂ ಪುರುಸೊತ್ತಿರಲಿಲ್ಲ.

"ಇಳೀರಿ."

"ತಳ್ಳಬೇಕಾ?"

"ಹೊರಬೇಕು."

ಹೊತ್ತರು, ಇಬ್ಬರೂ. ಅವಳು ಬಟ್ಟೆಯ ಗಂಟನ್ನು ಎಂದಿನಂತೆ ಸೊಂಟಕ್ಕೆ ಏರಿಸಿ ಮೇಲೆ ಹೋದಳು. ಅವನು ತಲೆ ಮೇಲಿಟ್ಟು ನೋಡಿದ, ಹೆಗಲ ಮೇಲಿಟ್ಟು ನೋಡಿದ, ಕೊನೆಗೆ ಅಳುವ ಮಗುವಿನಂತೆ ಎದೆಗವುಚಿಕೊಂಡ. ಇಸ್ತ್ರಿಯ ಅಂಗಿ ಒದ್ದೆಯಾಯಿತು, ಸೆಂಟು ಬೆವರಿಗೆ ಸೋತಿತು. ಇಳಿದರು, ಮತ್ತೆ ಏರಿದರು. ಕೊನೆಯ ಗಂಟು ಬಾಗಿಲು ಮುಟ್ಟಿದಾಗ ಹೆಡ್ ಸಿಸ್ಟರ್ ಗಡಿಯಾರ ನೋಡಿದರು, ಚಾದರ ಮುಟ್ಟಿದರು. "ಈ ಸಲ ಸರಿ. ಇನ್ನೊಂದು ಸಲ ಇಷ್ಟು ತಡ ಆದ್ರೆ ಬೇಡಮ್ಮ," ಎಂದು ಬಾಗಿಲು ಹಾಕಿಕೊಂಡರು.

ಕೆಲಸ ಕೈತಪ್ಪದೆ ಉಳಿದಿತ್ತು, ಕೂದಲೆಳೆಯಲ್ಲಿ. ಅವಳು ಗೋಡೆಗೊರಗಿ ಉಸಿರು ಬಿಟ್ಟಳು. ಅವನು ಮೆಟ್ಟಿಲ ಮೇಲೆ ಕುಸಿದು, ಎರಡೂ ಕೈಯಿಂದ ಸೊಂಟ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದ. ಅದರ ನಡುವೆಯೇ ಮಾತು ಹೊರಟಿತು. ಅಣಕವಿರಲಿಲ್ಲ, ನಿಜವಾಗಿಯೂ ಗೊತ್ತಿಲ್ಲದವನ ಬೆರಗು.

"ಅಬ್ಬಾ, ಒಂದೊಂದೂ ಹೆಣಭಾರ ಇದೆಯಲ್ಲೇ! ದಿನಾ ಇದನ್ನೆಲ್ಲ ಗಾಡಿಗೆ ಎತ್ತಿ ಹಾಕೋರು ಯಾರು?"

ಅವಳು ಕೆಸರಾದ ಸೆರಗನ್ನು ಹಿಂಡಿಕೊಳ್ಳುತ್ತ ಅವನತ್ತ ನೋಡಿದಳು.

"ಇದ್ದಾಳೆ ಒಬ್ಬಳು," ಎಂದಳು. "ನಿಮ್ಮ ಮನೇಲೇ ಇರೋದು. ಸಂಜೆ ಬೇಗ ಬನ್ನಿ, ಪರಿಚಯ ಮಾಡಿಸ್ತೀನಿ."